ಎಡಗೈಯ ಮಡಿಕೆ

ದೂರು ಬಂದದ್ದು ಮಂಗಳವಾರ ಬೆಳಿಗ್ಗೆ, ನಾನು ಬಟಾಣಿ ಬಿಡಿಸುತ್ತಾ ಕುಳಿತಿದ್ದಾಗ. ಸೊಸೆ ಮುಂದಿನ ಕೋಣೆಯಿಂದ ಮೊಬೈಲು ಹಿಡಿದು ಬಂದವಳು ನನ್ನೆದುರಿನ ಸ್ಟೂಲಿನ ಮೇಲೆ ಕುಳಿತಳು. ಬುಟ್ಟಿಯಿಂದ ಒಂದು ಹಿಡಿ ಬಟಾಣಿಕಾಯಿ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು. ಕೆಟ್ಟ ಸುದ್ದಿಯನ್ನು ಅವಳು ತರುವುದೇ ಹೀಗೆ. ಮೊದಲು ಕೈಗೆ ಕೆಲಸ ಕೊಡುತ್ತಾಳೆ, ಆಮೇಲೆ ಬಾಯಿಗೆ.

"ಅತ್ತೆ, ಆ ಅಂಚೆಯಣ್ಣನ್ನ ತಗೊಂಡವರು ದೂರು ಹಾಕಿದ್ದಾರೆ," ಎಂದಳು. "ಸೀಲು ಕಂಪನಿಯದಲ್ಲವಂತೆ. ಯಾರೋ ಬಿಚ್ಚಿ, ಮತ್ತೆ ಅಂಟಿಸಿದ್ದಾರಂತೆ. ನಾವು ಗೊತ್ತಿದ್ದೂ ಗೊತ್ತಿದ್ದೂ ಮೋಸ ಮಾಡಿದ್ದೀವಂತೆ."

ಅಂಚೆಯಣ್ಣ ಎಂದರೆ ಒಂದು ತಗಡಿನ ಆಟಿಕೆ. ಸೈಕಲ್ ಮೇಲೆ ಕುಳಿತ, ಖಾಕಿ ಅಂಗಿಯ, ಹೆಗಲಿಗೆ ಕೆಂಪು ಚೀಲ ಹಾಕಿಕೊಂಡ ಗೇಣುದ್ದದ ಆಸಾಮಿ. ಅವನನ್ನು ಮಾಡುತ್ತಿದ್ದ ಕಂಪನಿ ಮುಚ್ಚಿ ಮೂವತ್ತು ವರ್ಷವಾಗಿರಬೇಕು. ನಮ್ಮವರು ಆಟಿಕೆ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದೆವು. ಗೋದಾಮಿನಲ್ಲಿ ಉಳಿದಿದ್ದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಏಳು ವರ್ಷ ನಮ್ಮ ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿತ್ತು. ಕಳೆದ ತಿಂಗಳು ಸೊಸೆ ಅದನ್ನು ಇಳಿಸಿದಾಗ ಒಳಗೆ ಇಪ್ಪತ್ತು ಅಂಚೆಯಣ್ಣಂದಿರು, ಒಬ್ಬೊಬ್ಬರೂ ತಮ್ಮ ತಮ್ಮ ಡಬ್ಬಿಯಲ್ಲಿ, ಮೇಲೆ ಹೊಳೆಯುವ ಜಿಲೆಟಿನ್ ಕಾಗದ ಸುತ್ತಿಸಿಕೊಂಡು, ಮೊನ್ನೆ ತಾನೇ ಬಂದವರಂತೆ ಕುಳಿತಿದ್ದರು.

ಹಳೆಯ ಸಾಮಾನನ್ನು ಆನ್‌ಲೈನಿನಲ್ಲಿ ಮಾರುವುದು ಸೊಸೆಯ ಕಸುಬು. ಅದಕ್ಕೆ ಮೊದಲು ಅವಳು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಳು. ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ಕಾಲಿನ ನರಗಳು ಹಗ್ಗದಂತೆ ಉಬ್ಬಿಕೊಂಡವು. ಡಾಕ್ಟರು ಬೈದು ಬಿಡಿಸಿದರು. ನನ್ನ ಮಗ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮುಂದಿನ ಕೋಣೆಯ ಒಂದು ಮೇಜು, ಒಂದು ತಕ್ಕಡಿ, ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು, ಇಷ್ಟರಲ್ಲಿ ಅವಳು ಎರಡು ವರ್ಷದಲ್ಲಿ ಒಂದು ಅಂಗಡಿಯನ್ನೇ ಕಟ್ಟಿದ್ದಳು. ಆದರೆ ಆ ಮಾರಾಟದ ಜಾಲತಾಣಕ್ಕೆ ಒಂದು ನಿಯಮವಿದೆ. ಮೋಸದ ದೂರು ಎರಡು ಸಲ ರುಜುವಾತಾದರೆ ಮಾರುವವರ ಖಾತೆ ಮುಚ್ಚುತ್ತಾರೆ. ಸಾಗಣೆಯಲ್ಲಿ ಒಡೆದ ಒಂದು ಪಿಂಗಾಣಿ ಗೊಂಬೆಯ ದೆಸೆಯಿಂದ ಅವಳ ಹೆಸರಿಗೆ ಒಂದು ಆಗಲೇ ಬಿದ್ದಿತ್ತು. ಇದು ಎರಡನೆಯದು. ಉತ್ತರ ಕೊಡಲು ಮೂರು ದಿನ.

ಸೀಲು ಕಂಪನಿಯದೇ ಎಂದು ಹೇಳಿದವಳು ನಾನು. ಮಾರುವ ಮೊದಲು ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕೇಳಿದ್ದಳು. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಇದನ್ನು ಯಾರೂ ಮುಟ್ಟಿಲ್ಲ, ಗೋದಾಮಿನಿಂದ ಹಾಗೇ ಬಂದದ್ದು ಎಂದು ಠೀವಿಯಿಂದ ಹೇಳಿದ್ದೆ.

ಕೊಂಡವರು ಹಳೆಯ ಆಟಿಕೆಗಳ ಸಂಗ್ರಹಕಾರರು. ದೂರಿನ ಜೊತೆ ಹನ್ನೊಂದು ಫೋಟೋ ಕಳಿಸಿದ್ದರು, ಎಲ್ಲವೂ ಎಷ್ಟು ಹತ್ತಿರದಿಂದ ತೆಗೆದವೆಂದರೆ ಡಬ್ಬಿಯ ಮೂಲೆ ಬೆಟ್ಟದ ತುದಿಯ ಹಾಗೆ ಕಾಣುತ್ತಿತ್ತು. ಸೊಸೆ ಆಗಲೇ ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಾಗಿತ್ತು. ಇಷ್ಟು ಸಂಕಟದಲ್ಲೂ ಅವಳ ನಾಲಿಗೆ ಸುಮ್ಮನಿರುವುದಿಲ್ಲ, ಅದೇ ನನಗೊಂದು ಸಮಾಧಾನ.

ಮಧ್ಯಾಹ್ನ ಪಕ್ಕದ ಮನೆಯವರನ್ನು ಕರೆದಳು. ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. "ಇಲ್ಲೊಂದು ಪಾಯಿಂಟ್ ಇದೆ" ಎನ್ನದೆ ಅವರಿಗೆ ಮಾತು ಶುರುವಾಗುವುದಿಲ್ಲವಾದ್ದರಿಂದ ಅವರ ಬೆನ್ನ ಹಿಂದೆ ನಾವು ಪಾಯಿಂಟಪ್ಪ ಎನ್ನುತ್ತೇವೆ. ಊಟದ ನಿದ್ದೆ ಬಿಟ್ಟು, ಒಗೆದ ಅಂಗಿ ಹಾಕಿಕೊಂಡೇ ಬಂದರು. ಕಂಪನಿಯ ಹಳೆಯ ಬಿಲ್ಲು ನಮ್ಮಲ್ಲಿತ್ತು. ಅದನ್ನು ಓದಿ, ಫೋಟೋಗಳನ್ನು ಓದಿ, ಗಂಟಲು ಸರಿಪಡಿಸಿಕೊಂಡು ಉತ್ತರ ಹೇಳಿ ಬರೆಸಿದರು. ಮಾಲು ಕಂಪನಿಯಿಂದಲೇ ಬಂದದ್ದು, ಬಿಲ್ಲು ಲಗತ್ತಿಸಿದೆ. ಆ ಕಾಲದಲ್ಲಿ ಕಾಗದ ಸುತ್ತುತ್ತಿದ್ದದ್ದು ಕೈಯಲ್ಲಿ, ಕೆಲಸಗಾರರಿಂದ ಕೆಲಸಗಾರರಿಗೆ ಮಡಿಕೆ ಬೇರೆಯಾಗಬಹುದು. ಬಿಚ್ಚಿದ್ದಾರೆಂದು ತೋರಿಸುವ ಹೊಣೆ ದೂರು ಕೊಟ್ಟವರದು. ಬಹಳ ಚೆನ್ನಾದ ಉತ್ತರ. ಕೇಳಿದರೆ ನಾನೇ ನಂಬಿಬಿಡಬೇಕು, ಹಾಗಿತ್ತು.

ಸೊಸೆ ಅದನ್ನು ಟೈಪ್ ಮಾಡುತ್ತಿದ್ದಾಗ ಸುಮ್ಮನೆ ಕೂರಲಾರದೆ ನಾನು ಆ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಏಳನೆಯದರಲ್ಲಿ ಅವರು ಎರಡು ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಅವರಲ್ಲಿ ಮೊದಲೇ ಇದ್ದದ್ದು ಒಂದು, ನಮ್ಮದು ಒಂದು. ಎರಡರ ತುದಿಯಲ್ಲೂ ಕಾಗದವನ್ನು ತ್ರಿಕೋನವಾಗಿ ಮಡಿಸಿ ಅಂಟಿಸಿತ್ತು. ಅವರದರಲ್ಲಿ ಬಲಗಡೆಯ ಮಡಿಕೆ ಎಡಗಡೆಯದರ ಮೇಲೆ ಬಂದು ಕುಳಿತಿತ್ತು. ನಮ್ಮದರಲ್ಲಿ ಎಡಗಡೆಯದು ಬಲದ ಮೇಲೆ. ತಮ್ಮ ಬಳಿ ಇರುವ ಮೂರೂ ಡಬ್ಬಿಗಳಲ್ಲಿ ಮಡಿಕೆ ಒಂದೇ ದಿಕ್ಕಿಗಿದೆ, ಇದೊಂದೇ ತಿರುವುಮುರುವು ಎಂದು ಕೆಳಗೆ ಬರೆದಿದ್ದರು.

ನಾನು ಎಡಚಿ. ಸೌಟು ಹಿಡಿಯುವುದು, ಕತ್ತರಿ ಹಿಡಿಯುವುದು, ಎಲ್ಲ ಎಡಗೈಯಲ್ಲೇ.

ಅಡುಗೆಮನೆಗೆ ಹೋಗಿ ಒಂದು ಸೋಪಿನ ಡಬ್ಬಿ, ಒಂದು ತುಂಡು ಜಿಲೆಟಿನ್ ಕಾಗದ ತಂದೆ. ಮೇಜಿನ ಮೇಲಿಟ್ಟು ಸುತ್ತಿದೆ. ಕೈಗೆ ಏನೂ ಹೇಳಿಕೊಡಬೇಕಾಗಲಿಲ್ಲ. ಏಳು ವರ್ಷ ಮುಟ್ಟದ ಕೆಲಸವನ್ನು ಬೆರಳುಗಳು ತಮ್ಮ ಪಾಡಿಗೆ ಮಾಡಿ ಮುಗಿಸಿದವು. ಎಡಗಡೆಯ ಮಡಿಕೆ ಬಲದ ಮೇಲೆ ಬಂದು ಕುಳಿತಿತು.

"ಕಳಿಸಬೇಡಮ್ಮ," ಎಂದೆ. "ಅವರು ಹೇಳಿದ್ದು ಸರಿ. ಬಿಚ್ಚಿ ಅಂಟಿಸಿರೋದು ನಿಜ. ಅಂಟಿಸಿದವಳು ನಾನೇ."

ಪಾಯಿಂಟಪ್ಪನವರು "ಇಲ್ಲೊಂದು ಪಾಯಿಂಟ್..." ಎನ್ನುತ್ತಾ ಬಿಲ್ಲನ್ನು ಮತ್ತೆ ಮೊದಲಿನಿಂದ ಓದತೊಡಗಿದರು.

ನಾನು ಹೇಳಿದೆ. ಅಂಗಡಿ ಶುರು ಮಾಡಿದ ಎರಡನೆಯ ವರ್ಷ ಒಬ್ಬ ತಂದೆ ಮಗಳಿಗೆ ಕೀಲಿ ಕೊಡುವ ಆಟಿಕೆ ಕೊಂಡುಹೋಗಿದ್ದ. ಮಾರನೆಯ ದಿನ ಆ ಮಗು ಅಳುತ್ತಾ ಅವನ ಹಿಂದೆ ಬಂದಿತು, ಒಂದು ಕೆನ್ನೆ ಕೆಂಪಾಗಿತ್ತು. ಆಟಿಕೆ ಓಡುತ್ತಿರಲಿಲ್ಲ, ಮಗುವೇ ಕೆಡಿಸಿದೆ ಎಂದು ಅಪ್ಪ ಹೊಡೆದಿದ್ದ. ನಮ್ಮವರು ಬಿಚ್ಚಿ ನೋಡಿದರೆ ಒಳಗಿನ ಸ್ಪ್ರಿಂಗು ಕಾರ್ಖಾನೆಯಲ್ಲೇ ಸರಿಯಾಗಿ ಕೂತಿರಲಿಲ್ಲ. ಅವತ್ತು ಅವರು ಊಟ ಮಾಡಲಿಲ್ಲ. ಅಂದಿನಿಂದ ಅಂಗಡಿಗೆ ಬಂದ ಪ್ರತಿಯೊಂದು ಆಟಿಕೆಯನ್ನೂ ಬಿಚ್ಚಿ, ಕೀಲಿ ಕೊಟ್ಟು, ಓಡಿಸಿ ನೋಡಿ, ಸರಿಯಿದ್ದರೆ ಮಾತ್ರ ಕಪಾಟಿಗೆ ಇಡುತ್ತಿದ್ದರು. ಆದರೆ ಬಿಚ್ಚಿದ ಡಬ್ಬಿ ಕಂಡರೆ ಗಿರಾಕಿ ಹಳೆಯದೆಂದು ಮೂಗು ಮುರಿಯುತ್ತಾರೆ. ಹಾಗಾಗಿ ಅದೇ ಕಾಗದವನ್ನು ಹರಿಯದಂತೆ ಬಿಡಿಸುವುದು, ಮತ್ತೆ ಸುತ್ತುವುದು ನನ್ನ ಪಾಲಿಗೆ ಬಂತು. ನಾನು ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಆ ಪದವಿ ಉಪಯೋಗಕ್ಕೆ ಬಂದದ್ದು ಗುರುತು ಉಳಿಯದಂಥ ಗೋಂದು ಕಲಸುವುದಕ್ಕೆ. ಪರೀಕ್ಷೆ ಮಾಡಿದ್ದೆಲ್ಲ ಮಾರಾಟವಾಗಿ, ಗೋದಾಮಿನಲ್ಲಿ ಉಳಿದದ್ದು ಬಿಚ್ಚದ ಮಾಲು ಎಂದು ನಾನು ತಿಳಿದಿದ್ದೆ. ಅಂಗಡಿ ಮುಚ್ಚುವಾಗ ಕಪಾಟಿನಲ್ಲಿ ಉಳಿದವನ್ನೂ ಯಾರೋ ಅದೇ ಪೆಟ್ಟಿಗೆಗೆ ತುಂಬಿರಬೇಕು. ನನ್ನ ಕೈಕೆಲಸಕ್ಕೆ ನಾನೇ ಮೋಸಹೋಗಿದ್ದೆ.

ಸೊಸೆ ಸೋಪಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅತ್ತೆ, ನೀವು ಇಷ್ಟೊಂದು ಚೆನ್ನಾಗಿ ಮಾಡಬಾರದಿತ್ತು," ಎಂದಳು.

ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಒಣಗದ ಬಟ್ಟೆಗಳನ್ನೆಲ್ಲ ತಂತಿಯಿಂದ ತೆಗೆದಳು. ಮತ್ತೆ ಒಂದೊಂದಾಗಿ ಹರವಿದಳು. ಅವಳ ಕಾಲಿನ ನರಗಳು ಕಿಟಕಿಯಿಂದಲೇ ಕಾಣುತ್ತಿದ್ದವು. ಆ ಉತ್ತರವನ್ನು ಕಳಿಸಿದ್ದರೆ ನಾವು ಗೆಲ್ಲುತ್ತಿದ್ದೆವೋ ಏನೋ. ಕಳಿಸು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಕಳಿಸಬೇಡ ಎಂದು ಎರಡನೆಯ ಸಲ ಹೇಳುವ ಅಧಿಕಾರವೂ ನನಗಿರಲಿಲ್ಲ. ನಿಲ್ಲಬೇಕಾದದ್ದು ಅವಳ ಕಾಲು, ನನ್ನದಲ್ಲ.

ಒಳಗೆ ಬಂದವಳು ಕುರ್ಚಿಯನ್ನು ನನ್ನ ಕಡೆ ಎಳೆದಳು. "ನೀವೇ ಹೇಳಿ ಅತ್ತೆ, ನಿಮ್ಮ ಮಾತಲ್ಲೇ. ನಾನು ಟೈಪ್ ಮಾಡ್ತೀನಿ."

ಸೀಲು ಕಂಪನಿಯದೆಂದು ನಾನು ಯಾಕೆ ಹೇಳಿದ್ದೆ, ಯಾಕೆ ನೆನಪಿಟ್ಟುಕೊಂಡಿರಲಿಲ್ಲ ಎಂದು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಹದಿನಾಲ್ಕು ವರ್ಷದಲ್ಲಿ ಆ ಹುಡುಗಿ ನನ್ನ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದಾಳೆ. ಆದರೆ ಇಷ್ಟು ದೊಡ್ಡದನ್ನು ಇಷ್ಟು ಸದ್ದಿಲ್ಲದೆ ನುಂಗಿದ್ದು ಅದೇ ಮೊದಲು.

ಪಾಯಿಂಟಪ್ಪನವರು ತಲೆ ಕೊಡವಿದರು. "ಅಕ್ಕ, ಇದು ತಪ್ಪೊಪ್ಪಿಗೆ. ಕೋರ್ಟಲ್ಲಿ ಇದನ್ನ ಕೊಟ್ಟರೆ ಎದುರು ವಕೀಲರು ಮನೆಗೆ ಹೋಗಿ ಮಲಗಬಹುದು." ಹಾಗೆಂದವರು ಎದ್ದುಹೋಗಲಿಲ್ಲ. ನಾನು ಹೇಳುತ್ತಾ ಹೋದಂತೆ ಉದ್ದವಾದ ವಾಕ್ಯಗಳನ್ನು ಕತ್ತರಿಸಿಕೊಟ್ಟರು. ಅವರ ಒಳ್ಳೆಯ ಉತ್ತರ ವ್ಯರ್ಥವಾದದ್ದಕ್ಕೆ ಒಂದಿಷ್ಟೂ ಮುಖ ಗಂಟಿಕ್ಕಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಸೀಲು ಕಂಪನಿಯದಲ್ಲ, ನನ್ನದು. ತಪ್ಪು ನನ್ನದು, ಸೊಸೆ ನನ್ನ ಮಾತು ನಂಬಿದಳು. ಡಬ್ಬಿ ಹಿಂದಕ್ಕೆ ಕಳಿಸಿದರೆ ಹಣ ಪೂರ್ತಿ ವಾಪಸು, ಸಾಗಣೆ ಖರ್ಚು ನಮ್ಮದು. ಕೊನೆಯಲ್ಲಿ ಒಂದು ಸಾಲು ನಾನಾಗಿಯೇ ಸೇರಿಸಿದೆ: "ನನ್ನ ಯಜಮಾನರು ಇದನ್ನು ಕಪಾಟಿಗೆ ಇಡುವ ಮೊದಲು ಓಡಿಸಿ ನೋಡಿದ್ದಾರೆ. ಪೂರ್ತಿ ಕೀಲಿ ಕೊಟ್ಟರೆ ಮೂರು ಸುತ್ತು ಹೊಡೆದು ಐದು ಸಲ ಗಂಟೆ ಬಾರಿಸಬೇಕು. ಅದಕ್ಕಿಂತ ಕಡಿಮೆಯಾದರೆ ಅವರು ಒಪ್ಪುತ್ತಿರಲಿಲ್ಲ."

ಬುಧವಾರ ಏನೂ ಬರಲಿಲ್ಲ. ಸೊಸೆ ಕಾರ್ಖಾನೆಯ ಹಳೆಯ ಗೆಳತಿಗೆ ಫೋನು ಮಾಡಿ ಕೆಲಸ ಖಾಲಿ ಇದೆಯೇ ಎಂದು ವಿಚಾರಿಸುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. ನನಗೆ ಕೇಳಿಸದಿರಲೆಂದು ನಡುವೆ ನಲ್ಲಿ ತಿರುಗಿಸಿದ್ದಳು.

ಗುರುವಾರ ಹನ್ನೊಂದು ಗಂಟೆಗೆ ಭೂತಗನ್ನಡಿಯವರೇ ಫೋನು ಮಾಡಿದರು. ಸೊಸೆ ಸ್ಪೀಕರ್ ಹಾಕಿ ನನ್ನ ಮುಂದಿಟ್ಟಳು. ಒಣಗಿದ ದನಿ, ಮಾತು ಅಳೆದು ಆಡುವ ಮನುಷ್ಯ. ಗೋಂದು ಯಾವುದರಿಂದ ಮಾಡುತ್ತಿದ್ದಿರಿ ಎಂದು ಕೇಳಿದರು, ಹೇಳಿದೆ. ಕಾಗದ ಹರಿಯದಂತೆ ಬಿಡಿಸುವುದು ಹೇಗೆಂದು ಕೇಳಿದರು, ಕಾಯಿಸಿದ ಚಮಚದ ಬೆನ್ನಿನಿಂದ ಎಂದೆ. ಬರೆದುಕೊಳ್ಳುತ್ತಿದ್ದರೆಂದು ಕಾಣುತ್ತದೆ.

"ಅಮ್ಮಾ, ನನ್ನ ಹತ್ತಿರ ಇದೇ ಆಟಿಕೆ ಮೂರಿವೆ," ಎಂದರು. "ಮೂರೂ ಸೀಲ್ ಆಗಿವೆ. ಬಿಚ್ಚಿದರೆ ಬೆಲೆ ಹೋಗುತ್ತೆ ಅಂತ ಹತ್ತೊಂಬತ್ತು ವರ್ಷದಿಂದ ಬಿಚ್ಚಿಲ್ಲ. ಇದಕ್ಕೆ ಗಂಟೆ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಡಬ್ಬಿ ಮೇಲೆ ಎಲ್ಲೂ ಬರೆದಿಲ್ಲ."

"ಹೌದು, ಬರೆದಿಲ್ಲ," ಎಂದೆ.

"ನಿಮ್ಮ ಪತ್ರ ಓದಿದ ಮೇಲೆ ತಡೆಯೋಕಾಗಲಿಲ್ಲ. ನಿಮ್ಮದನ್ನ ಬಿಚ್ಚಿದೆ. ತಡೀರಿ, ಕೇಳಿಸ್ತೀನಿ."

ಕರಕರನೆ ಕೀಲಿ ತಿರುಗುವ ಸದ್ದು ಬಂತು. ಆಮೇಲೆ ಮರದ ಮೇಜಿನ ಮೇಲೆ ಸಣ್ಣ ಚಕ್ರಗಳ ಗರಗರ. ಟಿಣ್. ಸೊಸೆ ಒಂದು ಬೆರಳು ಮಡಿಸಿದಳು. ಟಿಣ್. ಎರಡು. ನಾಲ್ಕಾದ ಮೇಲೆ ಗಾಲಿಯ ಸದ್ದು ಕುಂಟತೊಡಗಿತು, ನಿಂತೇಬಿಟ್ಟಿತು ಎನ್ನುವಾಗ ಇನ್ನೊಂದು, ಬಹಳ ಮೆತ್ತಗೆ. ಟಿಣ್.

"ಐದು," ಎಂದರು ಅವರು. ಒಣಗಿದ ದನಿ ಈಗ ಒಣಗಿರಲಿಲ್ಲ. "ನಿಮ್ಮ ಯಜಮಾನರ ಲೆಕ್ಕ ಸರಿ ಇದೆ."

ಸೊಸೆ ಮಡಿಸಿದ ಐದು ಬೆರಳನ್ನು ಬಿಡಿಸದೆಯೇ ಥ್ಯಾಂಕ್ಸ್ ಸರ್ ಎಂದಳು.

ಭೂತಗನ್ನಡಿಯವರು ಧಾರಾಳಿಯಾಗಿಬಿಟ್ಟರೆಂದಲ್ಲ. ಸೀಲಿನ ಮಾತು ತಪ್ಪಾಗಿತ್ತು, ಹಾಗಾಗಿ ಬೆಲೆಯಲ್ಲಿ ಅಷ್ಟು ಭಾಗ ವಾಪಸು ಬೇಕೆಂದರು. ನ್ಯಾಯವಾದ ಮಾತು, ಸೊಸೆ ಅವತ್ತೇ ಕಳಿಸಿದಳು. ಆಟಿಕೆಯನ್ನು ತಾವೇ ಇಟ್ಟುಕೊಂಡರು. ದೂರಿನಿಂದ ಮೋಸ ಎಂಬ ಪದವನ್ನು ತೆಗೆದು, ಮಾರಿದವರು ತಾವಾಗಿಯೇ ನಿಜ ಹೇಳಿದರು, ಇಬ್ಬರ ಒಪ್ಪಿಗೆಯಿಂದ ಮುಗಿಯಿತು ಎಂದು ಬರೆಸಿದರು. ಸಂಜೆಗೆ ಜಾಲತಾಣದವರ ಸಂದೇಶ ಬಂತು. ಖಾತೆ ಮುಚ್ಚುವುದಿಲ್ಲ. ಸೊಸೆ ಅದನ್ನು ಎರಡು ಸಲ ಓದಿ, ಕಾರ್ಖಾನೆಯ ಗೆಳತಿಗೆ ಫೋನು ಮಾಡಿ ಬೇಡ ಎಂದಳು. ಈ ಸಲ ನಲ್ಲಿ ತಿರುಗಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಉಳಿದ ಹತ್ತೊಂಬತ್ತು ಡಬ್ಬಿಗಳನ್ನು ಕಿಟಕಿಯ ಬೆಳಕಿಗೆ ತಂದು ನೆಲದ ಮೇಲೆ ಸಾಲಾಗಿ ಜೋಡಿಸಿದೆವು. ನಾನು ಒಂದೊಂದರ ತುದಿ ನೋಡಿ ಹೇಳುವುದು, ಅವಳು ಬೇರೆ ಬೇರೆ ಇಡುವುದು. ಹದಿನಾರು ನನ್ನವು. ಮೂರು ಮಾತ್ರ ಕಂಪನಿಯ ಸೀಲಿನವು. ನನ್ನ ಹದಿನಾರರ ಬೆಲೆ ಇಳಿಸಿ, ಅವಳು ಹೊಸ ವಿವರಣೆ ಟೈಪ್ ಮಾಡಿ ನನಗೆ ಓದಿ ಹೇಳಿದಳು: ಅಂಗಡಿಯವರು ಬಿಚ್ಚಿ ಪರೀಕ್ಷಿಸಿದ್ದು, ಅವರ ಹೆಂಡತಿ ಮತ್ತೆ ಸುತ್ತಿದ್ದು, ಮೂರು ಸುತ್ತು, ಐದು ಗಂಟೆ. ಮುದುಕಿಯ ಕೈಕೆಲಸಕ್ಕೆ ಇಷ್ಟೆಲ್ಲ ಜಾಹೀರಾತು ಬೇಕಾ ಎಂದೆ. ಬೇಕು, ಸುಮ್ಮನಿರಿ ಎಂದಳು.

ಆಮೇಲೆ ಬೆಲೆಬಾಳುವ ಆ ಮೂರು ಡಬ್ಬಿಗಳನ್ನು ಕೈಗೆತ್ತಿಕೊಂಡು, ಹುಬ್ಬು ಗಂಟಿಕ್ಕಿ ನೋಡಿದಳು.

"ಇವನ್ನೇನು ಮಾಡೋದು ಅತ್ತೆ? ಮಾವ ನೋಡಿಲ್ಲ. ಓಡುತ್ತವೆ ಅಂತ ನಾನು ಹೇಗೆ ಬರೀಲಿ?"