ಐದೂವರೆಗೆ ಕೇಳುವ ಫೋನು

ಜವಳಗಿರಿ ಕಡೆಯ ನಲವತ್ತು ಹಳ್ಳಿಗಳಿಗೆ ಆನೆ ಎಲ್ಲಿದೆ ಎಂದು ಫೋನಿನಲ್ಲಿ ತಿಳಿಸುವುದು ಹೊಸೂರಿನ ನಮ್ಮ ಆಫೀಸಿನ ಕೆಲಸ. ರಾಗಿ ಕೊಯ್ಲಿನ ಕಾಲದಲ್ಲಿ ಬೆಳಗಾಗುತ್ತಲೇ ಎಲ್ಲರ ಫೋನುಗಳೂ ನಮ್ಮ ಸರ್ವರಿನ ವಿಳಾಸ ಕೇಳಿಕೊಂಡು ಮುಗಿಬೀಳುತ್ತಿದ್ದವು. ಕೇಳಿದ ವಿಳಾಸವನ್ನು ಐದು ನಿಮಿಷ ಮಾತ್ರ ನೆನಪಿಟ್ಟುಕೊಳ್ಳಿ ಎಂದು, ಫೋನುಗಳಿಗೆ ಆ ವಿಳಾಸ ಹೇಳುವ ಡಿಎನ್ಎಸ್‌ನಲ್ಲಿ ಬರೆದಿತ್ತು. ಕಾಟ ತಪ್ಪಲಿ ಎಂದು ಆ ಐದು ನಿಮಿಷವನ್ನು ಒಂದು ದಿನಕ್ಕೆ ಏರಿಸಿದವಳು ನಾನು. ಮಾಡಿ, ದೊಡ್ಡ ಜಾಣೆ ಅಂತ ಮೆರೆದೆ.

ಆಮೇಲೊಂದು ಬುಧವಾರ ಸಂಜೆ ಸರ್ವರ್ ಬದಲಾಯಿಸಿದೆವು. ಅದಕ್ಕೆ ಮುಂಚೆ ಆ ಒಂದು ದಿನವನ್ನು ಮತ್ತೆ ಐದು ನಿಮಿಷಕ್ಕೆ ಇಳಿಸಬೇಕಿತ್ತು. ಮರೆತೆ. ಫೋನುಗಳು ಮಾರನೇ ದಿನದವರೆಗೂ ಹಳೇ ವಿಳಾಸಕ್ಕೇ ಹೋಗುವಂತಾಯಿತು. ಸಾಲದ್ದಕ್ಕೆ, ಯಾರಿಗೂ ಖಾಲಿ ಪರದೆ ಕಾಣದಿರಲಿ ಎಂದು ಹಳೇ ಸರ್ವರನ್ನು ಆರಿಸದೆ ಬಿಟ್ಟೆ. ಹೊಸ ಸುದ್ದಿ ಅದಕ್ಕೆ ಹೋಗುತ್ತಿರಲಿಲ್ಲ. ಬುಧವಾರದ ಮಾತನ್ನೇ ಹೇಳುತ್ತಿತ್ತು: ‘ಆನೆ ಇಲ್ಲ, ಹೋಗಬಹುದು.’

ಗುರುವಾರ ಬೆಳಿಗ್ಗೆ ಆ ಹಳ್ಳಿಗಳಲ್ಲೊಂದರ ರೈತ ರಾಮಾಂಜಿನಪ್ಪ ಅದನ್ನು ನಂಬಿ ಹೊಲಕ್ಕೆ ಹೋದರು. ಬದುವಿನ ಹತ್ತಿರವೇ ಆನೆ ಇತ್ತು. ಅವರು ಉಳಿಯಲಿಲ್ಲ.

ಮೂರು ವಾರವಾದರೂ ದಿನಾ ಐದೂವರೆಗೆ ಹಳೇ ಸರ್ವರನ್ನು ಒಂದೇ ಒಂದು ಫೋನು ಕೇಳುತ್ತಿತ್ತು, ಆನೆ ಎಲ್ಲಿ ಎಂದು. ಯಾರದೆಂದು ನೋಡಿದೆ. ರಾಮಾಂಜಿನಪ್ಪನವರದು. ಮಧ್ಯಾಹ್ನದ ಬಸ್ಸಿಗೇ ಹೊರಟೆ.

ಅವರ ಹೆಂಡತಿ ಅಂಜಿನಮ್ಮ ಫೋನನ್ನು ದೇವರ ಗೂಡಿನ ಪಕ್ಕ ಚಾರ್ಜಿಗೆ ಹಾಕಿಟ್ಟಿದ್ದರು. ದಿನಾ ಐದೂವರೆಗೆ ತಾನೇ ಕೇಳುವಂತೆ ರಾಮಾಂಜಿನಪ್ಪನವರು ಇಟ್ಟಿದ್ದ ಆ್ಯಪ್ ಇನ್ನೂ ತೆರೆದೇ ಇತ್ತು. ಮುಚ್ಚಿ ತೆರೆಯದೆ ಇದ್ದದ್ದರಿಂದ ಹಳೇ ವಿಳಾಸವನ್ನೇ ಹಿಡಿದುಕೊಂಡಿತ್ತು.

“ಯಾರ್ನೂ ಮುಟ್ಟಕ್ಕೆ ಬಿಟ್ಟಿಲ್ಲ ಕಣಮ್ಮ. ಅವ್ರು ಹೆಂಗಿಟ್ಟಿದ್ರೋ ಹಂಗೇ ಐತೆ.”

ನೆಲ ನೋಡಿಕೊಂಡು ಎಲ್ಲಾ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅಂಜಿನಮ್ಮ ಫೋನಿನ ಕಡೆ ತಿರುಗಿದರು.

“ಅವತ್ತು ಹೊಲದ ಅಟ್ಟಣೆ ಮೇಲೆ ಕಾವಲಿಗೆ ವೆಂಕಟಸ್ವಾಮಿ ಇದ್ದ. ಅವನ್ನ ಒಂದ್ ಮಾತ್ ಕೂಗಿ ಕೇಳಿ ಅಂದೆ. ಫೋನೇ ಹೇಳ್ತೈತಲ್ಲ, ಅವನ್ನ್ಯಾಕೆ ಏಳಿಸ್ಲಿ ಅಂದ್ರು.”

ಖಾಲಿ ಪರದೆ ಕಂಡಿದ್ದರೆ ಕೂಗುತ್ತಿದ್ದರು.

“ಹಳೇದನ್ನ ಇವತ್ತೇ ಆರಿಸ್ಬಿಡ್ತೀನಮ್ಮ” ಅಂದೆ.

“ಬ್ಯಾಡ. ಐದೂವರೆಗೆ ಅದು ಟಿಣ್ ಅಂದ್ರೆ ಅವ್ರು ಎದ್ದಂಗಾಯ್ತದೆ. ನೀನೇ ಇಟ್ಟಿದ್ದು, ನೀನೇ ನೋಡ್ಕೋ.”

ಹೊಸ ಸರ್ವರಿಗೆ ಈಗ ಐದೇ ನಿಮಿಷ. ಮುಗಿಬಿದ್ದರೆ ಬೀಳಲಿ. ಹಳೆಯದನ್ನೂ ಆರಿಸಿಲ್ಲ. ದಿನಾ ಐದೂವರೆಗೆ ನಾನೂ ಎದ್ದು ಕೂರುತ್ತೇನೆ. ರಾಮಾಂಜಿನಪ್ಪನವರ ಫೋನು ಕೇಳುತ್ತದೆ. ನನ್ನ ಸರ್ವರು ಹೇಳುತ್ತದೆ: ಆನೆ ಇಲ್ಲ, ಹೋಗಬಹುದು.