ಕನಕಮ್ಮನ ಎಡೆ

ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ನಮ್ಮ ಕಡೆ ಮಕ್ಕಳಿಗೆ ಉಣ್ಣಲು ಕಲಿಸುವಾಗ ಹೇಳಿಕೊಡುವ ಮೊದಲ ಮಾತೇ ಅದು. ನಂದಿದುರ್ಗದ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಶಿಫ್ಟು ಮುಗಿಸಿ ಬಂದು, ಸಾರಿನಲ್ಲಿ ಅದ್ದಿ ಅದ್ದಿ, ದೊಡ್ಡ ದೊಡ್ಡ ಮುದ್ದೆಗಳನ್ನು ನುಂಗಿ ಮಲಗುತ್ತಿದ್ದೆ. ಈಗ ಬೆಳಗ್ಗೆ ನುಂಗಿದ ನಿಂಬೆಗಾತ್ರದ ತುತ್ತು ಸಂಜೆಯವರೆಗೂ ಎದೆಯ ಕೆಳಗೆ ಕೂತಿರುತ್ತದೆ.

ಗ್ಯಾಸಿರಬೇಕೆಂದು ಅಂಗಡಿಯ ಸೋಡಾ ಪುಡಿ ಕುಡಿಯುತ್ತ ಬಂದೆ. ತೇಗು ಬರುತ್ತಿತ್ತು, ಭಾರ ಇಳಿಯುತ್ತಿರಲಿಲ್ಲ. ಕೊನೆಗೆ ಸೊಸೆ ಕಲಾ ಹಠ ಹಿಡಿದು ಬಂಗಾರಪೇಟೆಯಿಂದ ಬಸ್ಸು ಹತ್ತಿಸಿ ಕೆ.ಜಿ.ಎಫ್‌ನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಳು. ಗಂಟಲಿನಿಂದ ಕೊಳವೆ ಇಳಿಸಿ ನೋಡಿದರು.

“ತಾತಾ, ನಿಮ್ಮ ಹೊಟ್ಟೆಲಿ ಹುಳಿ ಜಾಸ್ತಿಯಾಗಿಲ್ಲ, ಕಮ್ಮಿಯಾಗಿದೆ” ಎಂದರು ಡಾಕ್ಟರಮ್ಮ. “ಒಳಗಿನ ಪದರ ಸವೆದಿದೆ. ವಯಸ್ಸಾದ ಮೇಲೆ ಕೆಲವರಿಗೆ ಹೀಗಾಗುತ್ತೆ. ಮಾಂಸ, ಬೇಳೆ ಕರಗಿಸೋ ಕಿಣ್ವ ಅಂತ ಒಂದಿರುತ್ತೆ, ಅದು ಕಮ್ಮಿ ಊರುತ್ತೆ. ಊರಿದ್ದಕ್ಕೂ ಹುಳಿ ಇಲ್ಲದೆ ಕೆಲಸ ಮಾಡೋಕಾಗಲ್ಲ. ನೀವು ಇರೋ ಚೂರು ಹುಳಿ ಮೇಲೂ ಸೋಡಾ ಸುರೀತಾ ಇದ್ದೀರಿ.”

“ಮತ್ತೇನು ತಿನ್ಲಿ ತಾಯಿ?”

“ಮೆತ್ತಗಿರೋದು, ಸ್ವಲ್ಪ ಸ್ವಲ್ಪ. ಮಾಂಸ ಸದ್ಯಕ್ಕೆ ಬೇಡ. ಮುದ್ದೆ ತಿಂದ್ರೆ ಚೆನ್ನಾಗಿ ಅಗೀರಿ.”

“ಮುದ್ದೆ ಅಗಿಯೋದಾ? ಎಲ್ಲಾದ್ರೂ ಉಂಟಾ!”

ಆಕೆ ನಕ್ಕರು. “ಒಳಗೆ ಕೆಲಸದವರು ಕಮ್ಮಿಯಾಗಿದ್ದಾರೆ ತಾತಾ. ಬಾಯಲ್ಲೇ ಅರ್ಧ ಮುಗಿಸಿ ಕಳಿಸಿ.”

ಹೊಟ್ಟೆ ಹೇಗಾದರೂ ಇರಲಿ, ನನ್ನ ಚಿಂತೆಯೇ ಬೇರೆ. ಮುಂದಿನ ಸೋಮವಾರ ನನ್ನ ಹೆಂಡತಿ ಕನಕಮ್ಮ ತೀರಿಕೊಂಡು ವರ್ಷ ತುಂಬುತ್ತಿತ್ತು. ನಮ್ಮ ಮನೆತನದಲ್ಲಿ ಹೆಂಡತಿಯ ಹೆಸರಿನ ಎಡೆಯನ್ನು ಗಂಡನೇ ಇಡಬೇಕು, ಆ ಎಲೆಯನ್ನು ಗಂಡನೇ ಉಣ್ಣಬೇಕು. ಗಂಡನಿರುವಾಗ ಮಗ ಉಣ್ಣುವಂತಿಲ್ಲ. ಎಲೆಯಲ್ಲಿ ಮಿಕ್ಕರೆ ಹೋದವರು ಅರೆಹೊಟ್ಟೆಯಲ್ಲಿ ಎದ್ದುಹೋದಂತೆ. ನಮ್ಮಪ್ಪ ನಮ್ಮವ್ವನ ಎಲೆಯನ್ನು ಕಣ್ಣೀರು ಸುರಿಸುತ್ತಲೇ ಬೆರಳಿನಿಂದ ಬಳಿದು ಉಂಡಿದ್ದನ್ನು ನಾನು ನೋಡಿದ್ದೇನೆ.

ಬೆಳಗಿನ ದೀಪ ಹಚ್ಚುವಾಗ ಬಂಗಾರು ತಿರುಪತಿ ಸ್ವಾಮಿಯನ್ನು ಬೇರೇನೂ ಕೇಳಲಿಲ್ಲ. ಒಂದು ಊಟಕ್ಕಾಗುವಷ್ಟು ಹೊಟ್ಟೆ ಕೊಡಪ್ಪಾ ಎಂದೆ, ಅಷ್ಟೆ.

ಸೋಮವಾರ ಬೂದಿಕೋಟೆಯಿಂದ ಕನಕಮ್ಮನ ತಂಗಿ ಆದಿಲಕ್ಷ್ಮಮ್ಮ ಮೊದಲ ಬಸ್ಸಿಗೇ ಬಂದಿಳಿದಳು. ಬಂದವಳೇ ಸೆರಗು ಬಿಗಿದು ಒಲೆಯ ಮುಂದೆ ಕೂತಳು. ಬಾಡಿನ ಸಾರು, ಹುರಿದ ಕುರಿ ಈರಲು, ಎರಡು ಮುದ್ದೆ. ಮನೆಯೆಲ್ಲ ಮಸಾಲೆಯ ವಾಸನೆ. ನನಗೆ ಕೂತಲ್ಲಿಯೇ ಹೊಟ್ಟೆ ಕಲ್ಲಾಯಿತು.

“ಏನ್ ಭಾವ, ಮುಖ ಇಂಗಿಟ್ಕಂಡಿದ್ದೀಯ? ಅಕ್ಕನ ಎಲೆ ಮಿಗಿಸೀಯಾ, ಉಸಾರು!”

“ಉಣ್ತೀನಿ ಬಿಡಮ್ಮ.”

“ಒಂದೊಂದೇ ಅಗುಳು ಎಣಿಸ್ಕಂಡಲ್ಲ. ಗಂಡಸಿನಂಗೆ!”

ಎಲೆ ಹಾಸಿ, ಕನಕಮ್ಮನ ಪಟದ ಮುಂದೆ ಎಲ್ಲವನ್ನೂ ಬಡಿಸಿದ್ದಾಯಿತು. ಆಗ ಕಲಾ ಅಡುಗೆಮನೆಯಿಂದ ಒಂದು ಹಿತ್ತಾಳೆ ಲೋಟ ತಂದು ಎಲೆಯ ಪಕ್ಕದಲ್ಲಿಟ್ಟಳು. ಮಜ್ಜಿಗೆ ಬೆರೆಸಿದ ತೆಳ್ಳನೆಯ ರಾಗಿ ಅಂಬಲಿ.

“ಇದೇನಮ್ಮಿ, ಎಡೆಗೆ ಅಂಬ್ಲಿ ಇಕ್ತಾರಾ? ನೋಡ್ದೋರು ಏನಂದಾರು? ತಗಿ ಅತ್ಲಾಗೆ!” ಆದಿಲಕ್ಷ್ಮಮ್ಮ ಲೋಟಕ್ಕೆ ಕೈ ಹಾಕಿದಳು.

ಕಲಾ ಲೋಟ ಬಿಡಲಿಲ್ಲ. “ಚಿಕ್ಕತ್ತೆ, ಅತ್ತೆ ಕೊನೆಗೆ ಕುಡೀತಿದ್ದಿದ್ದು ಇದೊಂದೇ. ಅತ್ತೆ ಇದ್ದಾಗ ಕಡೇ ಹಬ್ಬಕ್ಕೆ ನೀವು ಬಂದಾಗ ನಿಮ್ಮ ಬಲವಂತಕ್ಕೆ ಎರಡು ತುಂಡು ಬಾಡು ತಿಂದ್ರು. ನೀವು ಬಸ್ ಹತ್ತಿದ ಮೇಲೆ ಎಷ್ಟು ನರಳಿದ್ರು ಅಂತ ನಿಮಗೆ ಗೊತ್ತಿಲ್ಲ. ಹೇಳಬೇಡ ಅಂದಿದ್ರು.”

ಆದಿಲಕ್ಷ್ಮಮ್ಮ ಕೈ ತೆಗೆದಳು.

ನಾನು ಪಟವನ್ನು ನೋಡಿದೆ. ಮದುವೆಯಾದ ಹೊಸತರಲ್ಲಿ ಕನಕಮ್ಮನಿಗೆ ಬಾಡಿನ ಸಾರೆಂದರೆ ಪ್ರಾಣ. ಆದರೆ ನಮ್ಮನ್ನು ಬಿಟ್ಟುಹೋದವಳು ಆ ಹುಡುಗಿಯಲ್ಲ. ಅವಳ ಹೊಟ್ಟೆಯೂ ನನ್ನ ಹೊಟ್ಟೆಯಂತೆಯೇ ಸೋತಿತ್ತು. ಇವತ್ತು ಬಂದು ಈ ಎಲೆಯ ಮುಂದೆ ಕೂತರೆ, ಇಷ್ಟನ್ನೂ ನೋಡಿ ತಂಗಿಯ ಮನಸ್ಸು ನೋಯಬಾರದೆಂದು ಮತ್ತೆ ಎರಡು ತುಂಡು ತಿಂದಾಳು.

“ಎಲೆ ಎತ್ತಮ್ಮ ಕಲಾ. ಮನೆಯವರೆಲ್ಲ ಉಣ್ಣಿ. ಅವಳಿಗೆ ಲೋಟ ಸಾಕು.”

“ಭಾವ...” ಎಂದ ಆದಿಲಕ್ಷ್ಮಮ್ಮ ತಾನೇ ಎಲೆಯ ಇನ್ನೊಂದು ತುದಿ ಹಿಡಿದಳು.

ಕರ್ಪೂರ ಬೆಳಗಿ, ಲೋಟವನ್ನು ಪಟದ ಮುಂದೆ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಂತೆವು. ಹೋದವರು ಬಂದು ಉಣ್ಣಲು ಅಷ್ಟು ಹೊತ್ತು ಬಿಡುವುದು ಪದ್ಧತಿ. ಒಳಗೆ ಸದ್ದಿಲ್ಲ. ಆದಿಲಕ್ಷ್ಮಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ನಂಗೊಂದು ಮಾತು ಯೋಳಿದ್ರೆ ನಾನೇನು ಬಲವಂತ ಮಾಡ್ತಿದ್ನಾ?” ಎಂದು ಬಾಗಿಲಿಗೇ ಹೇಳಿದಳು.

ಒಳಗೆ ಬಂದು ನಾನು ಪಟದ ಮುಂದೆ ಕೂತು ಲೋಟ ಎತ್ತಿಕೊಂಡೆ. ಡಾಕ್ಟರಮ್ಮ ಹೇಳಿದಂತೆ ಒಂದೊಂದು ಗುಟುಕನ್ನೂ ಬಾಯಲ್ಲಿ ಆಡಿಸಿ ಆಡಿಸಿ ಇಳಿಸಿದೆ. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ತಳದಲ್ಲಿ ಕೂತಿದ್ದ ಗಸಿಯನ್ನು ಬೆರಳಿನಿಂದ ಬಳಿದು ನೆಕ್ಕಿ, ಲೋಟವನ್ನು ಬೋರಲು ಹಾಕಿದೆ. ಒಂದು ಹನಿಯೂ ಬೀಳಲಿಲ್ಲ.

ಊಟಕ್ಕೆ ಕೂತಾಗ ಆದಿಲಕ್ಷ್ಮಮ್ಮ ತನ್ನ ಎಲೆಯ ಮುದ್ದೆಯನ್ನು ಅತ್ತಿತ್ತ ಉರುಳಿಸಿ ಪಕ್ಕಕ್ಕೆ ಸರಿಸಿದಳು. ಅವಳಿಗೂ ಎಪ್ಪತ್ತು ದಾಟಿದೆ.

“ಕಲಾ, ಅಂಬ್ಲಿ ಇನ್ನೂ ಐತಾ?”

“ಐತೆ ಚಿಕ್ಕತ್ತೆ.”

“ನಂಗೂ ಒಂಚೂರು ಉಯ್ಯಮ್ಮಿ” ಎಂದು, ನನ್ನ ಕಡೆ ನೋಡದೆ ಲೋಟ ಮುಂದೆ ಚಾಚಿದಳು.