ಅಕ್ಕಿ ಡ್ರಮ್ಮಿನ ದೀಪ

ಶಿರಾಲಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದು ಮೂಲೆ ಇದೆ. ಕಿಟಕಿ ಇಲ್ಲ, ಮಾಡಿನಲ್ಲಿ ಗಾಜಿನ ಹೆಂಚೂ ಇಲ್ಲ. ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆಯೇ. ಅಕ್ಕಿಯ ತಗಡಿನ ಡ್ರಮ್ಮು, ತೆಂಗಿನಕಾಯಿ ರಾಶಿ, ಉಪ್ಪಿನಕಾಯಿ ಭರಣಿ ಎಲ್ಲವೂ ಅಲ್ಲೇ. ಒಂದು ಬಲ್ಬು ಹಾಕಿಸಿ ಎಂದು ಮದುವೆಯಾಗಿ ಬಂದ ವರ್ಷದಿಂದ ನಾನು ಹೇಳುತ್ತಿದ್ದೇನೆ. ಮಣ್ಣಿನ ಗೋಡೆ, ಕೊರೆದರೆ ಉದುರುತ್ತದೆ ಎಂದು ನನ್ನ ಗಂಡ ಶ್ರೀಧರ ಅಷ್ಟೇ ವರ್ಷದಿಂದ ಹೇಳುತ್ತಿದ್ದಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಅತ್ತೆ ಬಂಗಾರಿ ಅದೇ ಮೂಲೆಯಲ್ಲಿ ಉರುಳಿ ಬಂದ ತೆಂಗಿನಕಾಯಿಯ ಮೇಲೆ ಕಾಲಿಟ್ಟು ಬಿದ್ದರು. ಮೂಳೆ ಮುರಿಯಲಿಲ್ಲ, ನಮ್ಮ ಪುಣ್ಯ. ಆದರೆ ಸೊಂಟನೋವು ಹಿಡಿಯಿತು, ಮಾತು ಕಡಿಮೆಯಾಯಿತು. ಕುಮಟೆಯಲ್ಲಿರುವ ನಾದಿನಿ ದುರ್ಗ ಫೋನಿನಲ್ಲಿ ಅತ್ತಳು.

“ಅಮ್ಮಾ, ನೀ ಇಲ್ಲೇ ಬಂದು ಇದ್ಬಿಡು. ನಮ್ಮನೇಲಿ ಎಲ್ಲಾ ಬದಿಗೂ ಲೈಟ್ ಅದೆ.”

“ಆತು,” ಎಂದರು ಅತ್ತೆ. ಭಾನುವಾರ ಅಳಿಯ ಕಾರು ತಂದು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. “ಅಮ್ಮನ ಇಷ್ಟ,” ಎಂದು ಶ್ರೀಧರ ಕೈ ತೊಳೆದುಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಬೆಳಗಾದರೆ ಅತ್ತೆಯೂ ನಾನೂ ಜಗಳ ಆಡುವವರು, ನಿಜ. ಸಾರಿಗೆ ಹುಳಿ ಹೆಚ್ಚಾಯಿತು ಎಂದು ಅವರು, ಕಸಬರಿಗೆ ಅಡ್ಡ ಇಟ್ಟಿದ್ದೀರಿ ಎಂದು ನಾನು. ಆದರೆ ನನಗೆ ಜ್ವರ ಬಂದರೆ ಗಂಜಿ ಮಾಡಿ, ಆರಿಸಿ, ಪಕ್ಕದಲ್ಲಿ ಕೂತು ಕುಡಿಸುವುದೂ ಅವರೇ. ಅವರಿಲ್ಲದ ಅಡುಗೆಮನೆ ನನಗೆ ಬೇಡ. ಅದನ್ನು ಹೇಳುವುದು ಹೇಗೆ? ಬೈಯಲು ಹೊರಟರೆ ನಿಲ್ಲದ ನನ್ನ ಬಾಯಿ ಇಂಥದ್ದಕ್ಕೆ ತೆರೆಯುವುದೇ ಇಲ್ಲ.

ಹೇಳುವ ಬದಲು ಬಸ್ಸು ಹತ್ತಿ ಭಟ್ಕಳ ಪೇಟೆಗೆ ಹೋದೆ. ಫಾರಿನ್ ಸಾಮಾನಿನ ಅಂಗಡಿಯೊಂದರಲ್ಲಿ ಚಾರ್ಜ್ ಮಾಡುವ ಪುಟ್ಟ ದೀಪಗಳು ಸಿಕ್ಕವು. ಹಿಂದುಗಡೆ ಅಯಸ್ಕಾಂತ, ಕಬ್ಬಿಣಕ್ಕೆ ತಾಗಿಸಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಯಾರಾದರೂ ಓಡಾಡಿದರೆ ತಾನೇ ಹೊತ್ತುತ್ತದೆ, ಅಲುಗಾಟ ನಿಂತರೆ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಮೊಬೈಲ್ ಚಾರ್ಜರಿಗೆ ಸಿಕ್ಕಿಸಿ ಚಾರ್ಜ್ ಮಾಡಿ, ಒಂದನ್ನು ಅಕ್ಕಿ ಡ್ರಮ್ಮಿಗೆ, ಇನ್ನೊಂದನ್ನು ಬಚ್ಚಲಿನ ತಗಡಿನ ಬಾಗಿಲಿಗೆ ಅಂಟಿಸಿದೆ. ಅತ್ತೆಗೆ ವಿವರಿಸುವ ಗೋಜಿಗೆ ಹೋಗಲಿಲ್ಲ. ಬೆಳಕು ಕಂಡು ಅವರೇ ಮನಸ್ಸು ಬದಲಾಯಿಸುತ್ತಾರೆ ಎಂದುಕೊಂಡಿದ್ದೆ.

ಒಂದು ಸಂಗತಿ ಮರೆತಿದ್ದೆ. ನಮ್ಮ ಮನೆಯಲ್ಲಿ ದೀಪ ಹೊತ್ತಿದ ಕೂಡಲೇ ಕೈ ಮುಗಿಯುವುದು ರೂಢಿ. ಎಣ್ಣೆಯದಾಗಲಿ, ಕರೆಂಟಿನದಾಗಲಿ, ಅತ್ತೆಗೆ ದೀಪವೆಂದರೆ ದೀಪ. ಸೇರು ಹಿಡಿದು ಅಕ್ಕಿಗೆ ಹೋದರು, ದೀಪ ಹೊತ್ತಿತು. ಸೇರು ಕೆಳಗಿಟ್ಟು, ಕಣ್ಣು ಮುಚ್ಚಿ ಕೈ ಮುಗಿದರು. ಅವರದು ಗಡಿಬಿಡಿಯ ನಮಸ್ಕಾರವಲ್ಲ. ಇಡಗುಂಜಿ ಗಣಪತಿಯಿಂದ ಶುರುವಾದರೆ ಊರ ದೇವರೊಬ್ಬರೂ ಬಿಟ್ಟುಹೋಗಬಾರದು. ಅಷ್ಟರಲ್ಲಿ ದೀಪ ಆರಿತು. ಕಣ್ಣು ಬಿಟ್ಟರೆ ಕತ್ತಲೆ. ಗಾಬರಿಯಿಂದ ತಡಕಾಡಿದರು, ಮತ್ತೆ ಹೊತ್ತಿತು. ಮತ್ತೆ ಕೈ ಮುಗಿದರು, ಮತ್ತೆ ಆರಿತು. ಒಲೆಯ ಮೇಲಿನ ಎಸರು ಕುದಿದು ಅರ್ಧವಾದರೂ ಅಕ್ಕಿ ಬರಲಿಲ್ಲ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ.

ಶನಿವಾರ ಅತ್ತೆ ಚೀಲಕ್ಕೆ ಸೀರೆ ತುಂಬುವುದನ್ನು ಕಂಡಾಗ ಆ ನಗು ಇಳಿಯಿತು.

“ದೀಪ ಹಾಕಿದ್ನಲ್ಲ ಅತ್ತೆ, ಇನ್ನೆಂತಕ್ಕೆ ಹೋಗೂದು?” ಎಂದೆ.

“ನಾ ಕೈ ಮುಗದ್ರೆ ಅದು ಆರ್ತದೆ ಕಲ್ಪನಾ,” ಎಂದರು. “ನೀ ಹೋದ್ರೆ ಉರೀತದೆ, ಶ್ರೀಧರ ಹೋದ್ರೂ ಉರೀತದೆ. ನಾ ಕಣ್ಣು ಮುಚ್ಚಿದ್ರೆ ಸಾಕು, ಆರ್ತದೆ. ಈ ಮನೆ ಋಣ ತೀರ್ತು ಕಾಣ್ತದೆ ನಂದು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು. ಉಳಿಸಿಕೊಳ್ಳಲು ತಂದ ದೀಪವೇ ಅವರನ್ನು ಹೊರಡಿಸುತ್ತಿತ್ತು. ಸೆನ್ಸರು, ಬ್ಯಾಟರಿ ಎಂದು ಏನೇನೋ ಒದರಿದೆ. ಅತ್ತೆ ಸೀರೆ ಮಡಚುತ್ತಲೇ ಇದ್ದರು.

ಕೊನೆಗೆ ಅವರ ಕೈ ಹಿಡಿದು ಮೆಲ್ಲಗೆ ಮೂಲೆಗೆ ಕರೆದುಕೊಂಡು ಹೋದೆ. ದೀಪ ಹೊತ್ತಿತು.

“ಈಗ ನಾ ಕೈ ಮುಗೀತೆ, ನೋಡಿ. ನೀವು ಒಂಚೂರೂ ಅಲುಗಾಡ್ಬೇಡಿ.”

ಡ್ರಮ್ಮಿನೆದುರು ಇಬ್ಬರೂ ಕಂಬದ ಹಾಗೆ ನಿಂತೆವು. ದೀಪ ಆರಿತು.

“ನಂಗೂ ಆರ್ತು,” ಎಂದೆ. “ನನ್ನ ಋಣವೂ ತೀರ್ತಾ ಹಾಗಾದ್ರೆ?”

ಕತ್ತಲೆಯಲ್ಲಿ ಅವರ ಉಸಿರು ಕೇಳುತ್ತಿತ್ತು. ಮುಖ ಕಾಣುವುದಿಲ್ಲ ಎಂಬ ಧೈರ್ಯಕ್ಕೋ ಏನೋ, ನನ್ನ ಬಾಯಿ ತೆರೆಯಿತು.

“ಹೋಗ್ಬೇಡಿ ಅತ್ತೆ. ನೀವು ಹೋದ್ರೆ ನಂಗೆ ಆಗೂದಿಲ್ಲ.”

ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಕೈ ಎತ್ತಿದರೆ ದೀಪ ಹೊತ್ತಿ, ನಾನು ಅಳುವುದು ಅವರಿಗೆ ಕಾಣುತ್ತಿತ್ತು.

ಅತ್ತೆಯೇ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು. ದೀಪ ಹೊತ್ತಿತು. ನೋಡಿದರೆ ಅವರ ಕಣ್ಣೂ ತುಂಬಿತ್ತು.

“ದುರ್ಗಗೆ ಫೋನ್ ಹಚ್ಚು. ಕಾರು ತರೂದು ಬ್ಯಾಡ ಅಂತ ನಾನೇ ಹೇಳ್ತೆ,” ಎಂದರು. ನನ್ನ ಕೆನ್ನೆಯ ಮೇಲಿನ ಕೈ ತೆಗೆಯಲಿಲ್ಲ. “ಬಿದ್ದಾಗಿಂದ ಎಣ್ಣೆ ತಂದ್ರಿ, ಮಾತ್ರೆ ತಂದ್ರಿ, ದೀಪ ತಂದ್ರಿ. ಹೋಗ್ಬೇಡ ಅಂತ ಒಬ್ರಾದ್ರೂ ಹೇಳ್ತ್ರೋ ಅಂತ ಕಾಯ್ತಾ ಇದ್ದೆ ಮಗಾ ನಾನು.”